ಫ್ರೆಂಚ್ ನಾಟಕಕಾರ ಸಾರ್ದೂ ಬರೆದ ‘ಟೋಸ್ಕಾ’ ಕಥೆ ಉಳಿಯಿತು, ಅವರೇ ಯಾಕೆ ಮರೆತುಹೋದರು?

ಸಾರ್ದೂ ನಾಟಕಗಳ ಜೀವಾಳ ಕಥೆಯ ಓಟ. ಆ ಓಟವನ್ನು ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಎತ್ತಿಕೊಂಡ ಮೇಲೆ ಮೂಲ ನಾಟಕ ಹೆಚ್ಚು ಜನರಿಗೆ ಬೇಕಾಗಲಿಲ್ಲ.

ವಿಕ್ತೋರಿಯಾಂ ಸಾರ್ದೂ (1831–1908) ತಮ್ಮ ಕಾಲದಲ್ಲಿ ಸಣ್ಣವರೇನಲ್ಲ. 1854ರ ಮೊದಲ ನಾಟಕ ಮಕಾಡೆ ಮಲಗಿತು, ನಿಜ. ಆದರೆ 1877ರಲ್ಲಿ ಫ್ರಾನ್ಸಿನ ಪ್ರತಿಷ್ಠಿತ ಸಾಹಿತ್ಯ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿಗೇ ಆಯ್ಕೆಯಾದರು.

ಒಂದು ಸಣ್ಣ ವಸ್ತುವಿನಿಂದ ದೊಡ್ಡ ಅನಾಹುತ ಹುಟ್ಟಿಸುವುದು ಅವರ ಕೈಚಳಕ. ‘ಟೋಸ್ಕಾ’ದಲ್ಲಿ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಬೇರೊಬ್ಬ ಹೆಂಗಸಿನ ಬೀಸಣಿಗೆ ತೋರಿಸುತ್ತಾನೆ, ಅಷ್ಟೇ. ಗಾಯಕಿ ಟೋಸ್ಕಾಗೆ ಪ್ರಿಯಕರನ ಮೇಲೆ ಅನುಮಾನ ಹತ್ತುತ್ತದೆ. ಅವನನ್ನು ಹುಡುಕಿ ಹೊರಡುತ್ತಾಳೆ. ಪೊಲೀಸರು ಅವಳ ಹಿಂದೆಯೇ! ಇಲ್ಲಿ ಪಾತ್ರಗಳ ಮನಸ್ಸಿಗೆ ಜಾಗ ಕಡಿಮೆ. 1887ರಲ್ಲಿ ಆ ಕೊರತೆ ತುಂಬಿದ್ದು ನಟಿ ಸಾರಾ ಬರ್ನಾರ್. ಪಾತ್ರ ಬರೆದದ್ದೇ ಅವರಿಗಾಗಿ. 1900ರಲ್ಲಿ ಇಟಲಿಯ ಸಂಗೀತ ಸಂಯೋಜಕ ಪುಚ್ಚಿನಿಯ ಒಪೆರಾ ಐದು ಅಂಕಗಳನ್ನು ಮೂರಕ್ಕೆ ಇಳಿಸಿತು, ಕೊರತೆಯನ್ನು ಸಂಗೀತದಿಂದ ತುಂಬಿತು. ನಟಿ ಹೋದರೂ ಸಂಗೀತ ಉಳಿಯಿತಲ್ವಾ?

ಪಾತ್ರಗಳ ಮನಸ್ಸಿಗೇ ಒತ್ತು ಕೊಟ್ಟ ನಾರ್ವೆಯ ನಾಟಕಕಾರ ಇಬ್ಸೆನ್‌ನ ನಾಟಕಗಳು ಬಂದ ಮೇಲಂತೂ ಈ ಬಗೆಯ ಹೆಣಿಗೆ ಹಳತಾಯಿತು. ಬರ್ನಾರ್ಡ್ ಷಾ 1895ರಲ್ಲೇ ಸಾರ್ದೂ ಶೈಲಿಯನ್ನು ಚೆನ್ನಾಗಿ ಗೇಲಿ ಮಾಡಿದ್ದರು. ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ. ಪ್ರೇಕ್ಷಕರನ್ನು ಕುರ್ಚಿಯ ತುದಿಗೆ ತರುವುದು ಸುಲಭದ ಕೆಲಸವಲ್ಲ.