ನೋವಿಲ್ಲದಿದ್ದರೂ ಸವೆಯುವ ಕೃತಕ ಕೀಲು

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. 2005ರಲ್ಲಿ ಅವರ ಬಲ ಸೊಂಟದ ಕೀಲನ್ನು ಬದಲಾಯಿಸಲಾಗಿತ್ತು. ಇಂದಿಗೂ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ, ನೋವಿಲ್ಲ. ಈಚೆಗೆ ಬೇರೊಂದು ಕಾರಣಕ್ಕೆ ತೆಗೆಸಿದ ಎಕ್ಸ್‌-ರೇ ನೋಡಿದ ವೈದ್ಯರು, ಸೊಂಟದ ಮೂಳೆಗೆ ಕೂರಿಸಿದ ಬಟ್ಟಲಿನಂಥ ಕಪ್‌ನ ಪ್ಲಾಸ್ಟಿಕ್ ಒಳಪದರ (ಲೈನರ್) ಸವೆದು ಕಪ್‌ನ ಹಿಂದೆ ಮೂಳೆ ಕರಗಿದೆ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದಿದ್ದಾರೆ. ನೋವೇ ಇಲ್ಲದವರಿಗೆ ಇದು ಅಗತ್ಯವೇ? ಕ್ಯಾಲ್ಸಿಯಂ ಮಾತ್ರೆಯಿಂದ ಸರಿಹೋಗದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಆದರೆ ಈ ತೊಂದರೆಯಲ್ಲಿ ನೋವಿಲ್ಲ ಎಂಬುದನ್ನೇ ನಂಬಿ ಕೂರುವಂತಿಲ್ಲ.

ಹೆಜ್ಜೆ ಇಟ್ಟಾಗಲೆಲ್ಲ ಕೃತಕ ಕೀಲಿನಲ್ಲಿ ತೊಡೆಮೂಳೆಯ ತುದಿಗಿರುವ ಗುಂಡು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ಲೈನರ್‌ಗೆ ಉಜ್ಜುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಉದುರುತ್ತವೆ. ಈ ಕಣಗಳು ವಿಷವಲ್ಲ. ಆದರೆ ಅವನ್ನು ನುಂಗಿದ ರಕ್ಷಕ ಕೋಶಗಳು ಜೀರ್ಣಿಸಿಕೊಳ್ಳಲಾಗದೆ ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತವೆ, ಅವು ಮೂಳೆಯನ್ನು ಕರಗಿಸುವ ಕೋಶಗಳನ್ನು ಎಚ್ಚರಿಸುತ್ತವೆ. ಕೀಲಿನ ದ್ರವದೊಂದಿಗೆ ಕಣಗಳು ಕಪ್‌ನ ಸ್ಕ್ರೂ ರಂಧ್ರಗಳ ಮೂಲಕವೂ ಹಿಂಬದಿಗೆ ಇಳಿಯಬಲ್ಲವು. ಹೀಗೆ ಕರಗುವುದು ಕೃತಕ ಭಾಗದ ಸುತ್ತಲಿನ ಮೂಳೆಯೇ ಹೊರತು ಇಡೀ ದೇಹದ ಮೂಳೆಯಲ್ಲ. ಆದ್ದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಿದ್ದರೆ ಅವನ್ನು ಸೇವಿಸುವುದು ಒಳ್ಳೆಯದೇ, ಆದರೆ ಅವು ಈ ಕರಗುವಿಕೆಯನ್ನು ತಡೆಯುವುದಿಲ್ಲ.

ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್ಲಿಯವರು ಕೃತಕ ಸೊಂಟದ ಕೀಲಿನ ಕಪ್ಪಿಗೆ ಮೊದಲು ಟೆಫ್ಲಾನ್ ಬಳಸಿ, ಅದು ಕೆಲವೇ ವರ್ಷಗಳಲ್ಲಿ ಸವೆದದ್ದನ್ನು ಕಂಡು, 1962ರಲ್ಲಿ ಪಾಲಿಎಥಿಲೀನ್‌ಗೆ ಬದಲಾಯಿಸಿದರು. ಮೂಳೆ ಕರಗುವುದಕ್ಕೆ, ಕೃತಕ ಕೀಲನ್ನು ಮೂಳೆಗೆ ಭದ್ರಪಡಿಸಲು ಬಳಸುವ ಸಿಮೆಂಟೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಸಿಮೆಂಟಿಲ್ಲದ ಕೀಲುಗಳಲ್ಲೂ ಅದು ಕಂಡಾಗ ಸವೆತದ ಕಣಗಳತ್ತ ಗಮನ ಹರಿಯಿತು. 1990ರ ದಶಕದ ಕೊನೆಯಲ್ಲಿ ಬಂದ ಕ್ರಾಸ್‌-ಲಿಂಕ್ಡ್ (ಅಣುಗಳನ್ನು ಪರಸ್ಪರ ಹೆಣೆದು ಗಟ್ಟಿಗೊಳಿಸಿದ) ಪಾಲಿಎಥಿಲೀನ್ ಬಹಳ ನಿಧಾನವಾಗಿ ಸವೆಯುತ್ತದೆ. ನಿಮ್ಮ ತಾಯಿಯವರಿಗೆ ಯಾವುದನ್ನು ಹಾಕಿದ್ದಾರೆಂಬುದು ಹಳೆಯ ಕಡತದಿಂದಲೇ ತಿಳಿಯಬೇಕು.

ಉಳಿದ ಮೂಳೆ ಕಪ್ಪನ್ನು ಗಟ್ಟಿಯಾಗಿ ಹಿಡಿದಿರುವವರೆಗೆ ಸಾಮಾನ್ಯವಾಗಿ ನೋವು ಕಾಣಿಸುವುದಿಲ್ಲ. ಕಪ್ ಸಡಿಲವಾದಾಗ ಅಥವಾ ತೆಳುವಾದ ಮೂಳೆ ಮುರಿದಾಗ ನೋವು ಬರುತ್ತದೆ, ಆದರೆ ಅಷ್ಟರಲ್ಲಿ ಹೊಸ ಕಪ್ಪನ್ನು ಕೂರಿಸಲು ಬೇಕಾದ ಮೂಳೆಯೇ ಕಡಿಮೆಯಾಗಿರುತ್ತದೆ. ನಿಮ್ಮ ವೈದ್ಯರ ಸಲಹೆಯ ಹಿಂದಿರುವ ಕಾಳಜಿ ಇದೇ ಎಂದು ನನಗೆ ತೋರುತ್ತದೆ. ಕಪ್ ಇನ್ನೂ ಭದ್ರವಾಗಿದ್ದು ಸರಿಯಾದ ಜಾಗದಲ್ಲಿದ್ದರೆ, ಲೈನರ್ ಮತ್ತು ಗುಂಡನ್ನಷ್ಟೇ ಬದಲಾಯಿಸಿ, ಕರಗಿದ ಜಾಗಕ್ಕೆ ಮೂಳೆಯ ಚೂರುಗಳನ್ನು ತುಂಬಿ ಮುಗಿಸಲು ಸಾಧ್ಯ. ಇದು ಸಣ್ಣ ಶಸ್ತ್ರಚಿಕಿತ್ಸೆಯಾದರೂ ಆಮೇಲೆ ಕೀಲು ಜಾರುವ ಅಪಾಯವಿರುತ್ತದೆಂಬುದನ್ನು ಮುಚ್ಚಿಡಬಾರದು.

ಹಾಗೆಂದು ನಾಳೆಯೇ ಓಡಬೇಕಿಲ್ಲ. ಹಳೆಯ ಎಕ್ಸ್‌-ರೇಗಳನ್ನು ಹೊಸದರ ಪಕ್ಕದಲ್ಲಿಟ್ಟು ಸವೆತ ಎಷ್ಟು ವೇಗವಾಗಿ ನಡೆದಿದೆಯೆಂದು ನೋಡಲು ಕೇಳಿ. ಎಕ್ಸ್‌-ರೇಯಲ್ಲಿ ಕಾಣುವುದಕ್ಕಿಂತ ನಿಜವಾದ ಕುಳಿ ದೊಡ್ಡದಿರುವುದು ಸಾಮಾನ್ಯವಾದ್ದರಿಂದ ಸಿ.ಟಿ. ಸ್ಕ್ಯಾನ್ ಉಪಯುಕ್ತ. ಸೋಂಕೂ ಮೂಳೆಯನ್ನು ಕರಗಿಸುವುದರಿಂದ, ಉರಿಯೂತವನ್ನು ಸೂಚಿಸುವ ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆಗಳನ್ನು ಮಾಡಿಸಿ. ಕುಳಿ ಚಿಕ್ಕದಾಗಿದ್ದು ಬೆಳೆಯದಿದ್ದರೆ, ಕ್ರಮವಾಗಿ ಎಕ್ಸ್‌-ರೇ ತೆಗೆಸುತ್ತಾ ಕಾಯುವುದೂ ಸರಿಯಾದ ನಿರ್ಧಾರವೇ. ಆದರೆ ಕುರ್ಚಿಯಿಂದ ಏಳುವಾಗ ತೊಡೆಸಂದಿನಲ್ಲಿ ನೋವು, ಮೊದಲ ಹೆಜ್ಜೆಗಳಲ್ಲಿ ತೊಡೆನೋವು ಅಥವಾ ಕಾಲು ಗಿಡ್ಡವಾದಂತೆ ಅನ್ನಿಸಿದರೆ ತಡಮಾಡಬೇಡಿ.

ವೈದ್ಯರಲ್ಲಿಗೆ ಹೋಗುವಾಗ 2005ರ ಡಿಸ್ಚಾರ್ಜ್ ಪತ್ರ ಮತ್ತು ಕೀಲಿನ ತಯಾರಕರು, ಅಳತೆ ನಮೂದಿಸಿದ ಸ್ಟಿಕ್ಕರ್‌ಗಳನ್ನು ತಪ್ಪದೆ ಒಯ್ಯಿರಿ. ಹಳೆಯ ಕಪ್ಪಿಗೆ ಹೊಂದುವ ಲೈನರ್ ಇಂದೂ ಸಿಗುತ್ತದೆಯೇ ಎಂಬುದು ಅದರಿಂದಲೇ ಗೊತ್ತಾಗುವುದು.