ಇರೋದೊಂದು ಪುಟ್ಟ ಕೋಣೆ, ಕೇಳೋರು ನಾಲ್ಕು ಜನ

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಪುಟ್ಟ ಕೋಣೆ ಖಾಲಿ ಇದೆ. ಖಾಲಿ ಅನ್ನೋದು ಹೆಸರಿಗೆ ಮಾತ್ರ, ಹಳೇ ಸೂಟ್‌ಕೇಸು, ಕಾಲು ಮುರಿದ ಕುರ್ಚಿ, ಏನೇನೋ ಬಂದ ರಟ್ಟಿನ ಡಬ್ಬಗಳು ಎಲ್ಲಾ ಅಲ್ಲೇ ಬಿದ್ದಿವೆ. 8 ಅಡಿಗೆ 7 ಅಡಿ, ಒಂದು ಕಿಟಕಿ, ಒಳಕ್ಕೆ ತೆರೆಯುವ ಬಾಗಿಲು. ನಮ್ಮ ಯಜಮಾನರು ವಾರಕ್ಕೆ ಮೂರು ದಿನ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾರೆ, ಅವರಿಗೆ ಅದು ಬೇಕು. ಹೈಸ್ಕೂಲಿನಲ್ಲಿರುವ ಮಗಳಿಗೆ ಓದೋಕೆ ಬೇಕು. ‘ಮಂಚ ಹಾಕಿಸು, ನೆಂಟರು ಬಂದರೆ ಎಲ್ಲಿ ಮಲಗಿಸುತ್ತೀಯ’ ಅಂತ ಅತ್ತೆ. ಆದರೆ ನನಗೂ ಒಂದು ಹೊಲಿಗೆ ಮಷಿನ್ ಇಟ್ಟುಕೊಳ್ಳುವ ಆಸೆ. ಏನು ಮಾಡೋಣ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಜನರ ಆಸೆ ಇದೆ, ಯಾರ ಟೈಮೂ ಇಲ್ಲ. ಅದನ್ನು ಮೊದಲು ಬರೆದುಕೊಳ್ಳಿ. ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಬೇಕು? ಬರೆದು ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಿಮ್ಮ ಯಜಮಾನರಿಗೆ ಬೇಕಾಗಿರೋದು ಮೂರು ದಿನ, ಅದೂ ಹಗಲು ಹೊತ್ತು. ಆಗ ಮಗಳು ಸ್ಕೂಲಲ್ಲಿರುತ್ತಾಳೆ. ಅವಳಿಗೆ ಬೇಕಾಗಿರೋದು ಸಂಜೆ, ಜೊತೆಗೆ ಪರೀಕ್ಷೆ ಹತ್ತಿರ ಬಂದಾಗ ಬೆಳಗಿನ ಜಾವ. ಇಬ್ಬರಿಗೂ ಒಂದೇ ಮೇಜು ಸಾಕು.

ನೆಂಟರ ವಿಷಯಕ್ಕೆ ಬಂದರೆ, ಹೋದ ವರ್ಷ ಎಷ್ಟು ರಾತ್ರಿ ಯಾರು ಬಂದು ಉಳಿದಿದ್ದರು ಅಂತ ಅತ್ತೆಯವರನ್ನೇ ಕೂರಿಸಿಕೊಂಡು ಲೆಕ್ಕ ಹಾಕಿ. ವಾದಕ್ಕಲ್ಲ, ನಿಜವಾಗಿ. ತಿಂಗಳಿಗೊಮ್ಮೆ ಯಾರಾದರೂ ಬರುವ ಮನೆ ಬೇರೆ, ವರ್ಷಕ್ಕೆ ಐದಾರು ರಾತ್ರಿಗೋಸ್ಕರ ಮುನ್ನೂರ ಅರವತ್ತು ದಿನ ಮಂಚ ಹಾಕಿಟ್ಟುಕೊಳ್ಳುವ ಮನೆ ಬೇರೆ.

ಇನ್ನೊಂದು ಪ್ರಶ್ನೆ ಇದೆ. ನನ್ನ ಪ್ರಕಾರ ಅದೇ ಮುಖ್ಯ: ಬಾಗಿಲು ಯಾರಿಗೆ ಬೇಕು? ಮೇಜನ್ನು ಹಾಲಿನ ಮೂಲೆಯಲ್ಲೂ ಹಾಕಬಹುದು, ಮಲಗುವ ಕೋಣೆಯಲ್ಲೂ ಹಾಕಬಹುದು. ಹಗಲೂ ರಾತ್ರಿ ಯಾವಾಗ ಬೇಕಾದರೂ ಮುಚ್ಚಿಕೊಳ್ಳೋಕೆ ಬರುವ ಬಾಗಿಲು ಇರೋದು ಆ ಕೋಣೆಗೇ ಅಲ್ವಾ. ಹಾಗಾಗಿ ಆ ಕೋಣೆ ಹೋಗಬೇಕಾದ್ದು ಬಾಗಿಲು ಇಲ್ಲದೆ ನಡೆಯದ ಕೆಲಸಕ್ಕೆ. ಫೋನಿನಲ್ಲಿ ಮೀಟಿಂಗ್ ಮಾಡುವವರಿಗೆ ಬಾಗಿಲು ಬೇಕು, ಟೀವಿ ಸದ್ದಿನ ನಡುವೆ ಓದಬೇಕಾದ ಹುಡುಗಿಗೂ ಬೇಕು. ಹೊಲಿಗೆಗೆ ಬೆಳಕು ಬೇಕು, ಹರಡಿಕೊಳ್ಳೋಕೆ ಜಾಗ ಬೇಕು, ಬಾಗಿಲೇನೂ ಬೇಡ. ಆದರೆ ಹೊಲಿಗೆಯ ಇನ್ನೊಂದು ಕಷ್ಟ ನಿಮಗೂ ಗೊತ್ತಿರುತ್ತದೆ: ಲ್ಯಾಪ್‌ಟಾಪ್ ಮುಚ್ಚಿಟ್ಟಂತೆ ಅರ್ಧ ಕತ್ತರಿಸಿದ ಬಟ್ಟೆಯನ್ನು ಮುಚ್ಚಿಡೋಕೆ ಆಗಲ್ಲ. ಪಿನ್ನು ಚುಚ್ಚಿದ ತೋಳು, ಸೀಮೆಸುಣ್ಣದ ಗೆರೆ ಎಲ್ಲಾ ನಾಳೆವರೆಗೂ ಹಾಗೇ ಇರಬೇಕು.

ನಿಮ್ಮ ಆಸೆಯನ್ನು ಪತ್ರದ ಕೊನೆಯಲ್ಲಿ, ಎಲ್ಲರಿಗಿಂತ ಚಿಕ್ಕದಾಗಿ ಬರೆದಿದ್ದೀರಿ, ಅದನ್ನು ಗಮನಿಸಿದೆ. ದಿನಾ ಹೊಲಿಯುವವರಾಗಿದ್ದರೆ, ಅಥವಾ ಅದರಿಂದ ನಾಲ್ಕು ಕಾಸು ಸಂಪಾದಿಸುವ ಯೋಚನೆ ಇದ್ದರೆ, ಮೊದಲ ಸಾಲಿಗೆ ಬನ್ನಿ. ಆಗ ಯಜಮಾನರು ಮೀಟಿಂಗ್ ಇದ್ದಾಗ ಮಲಗುವ ಕೋಣೆಯ ಬಾಗಿಲು ಹಾಕಿಕೊಳ್ಳಲಿ, ಹಗಲು ಅದು ಹೇಗೂ ಖಾಲಿ ತಾನೇ. ಬಿಡುವಾದಾಗ ಮಾತ್ರ ಹೊಲಿಯುವುದಾದರೆ ಹಾಲಿನ ಕಿಟಕಿ ಪಕ್ಕ ಮಷಿನ್, ಅರ್ಧ ಮುಗಿದ ಕೆಲಸ ಹಾಗೇ ಎತ್ತಿಡೋಕೆ ಒಂದು ಅಗಲದ ಟ್ರೇ ಸಾಕು.

ಇನ್ನು ಅಳತೆ. ನಿಮ್ಮ ಕೋಣೆಗೆ ಮಂಚ, ಮೇಜು ಎರಡೂ ಹಿಡಿಯುತ್ತವಾ? ಕಾಗದದ ಮೇಲೆ ಹಿಡಿಯುತ್ತವೆ. ಒಬ್ಬರ ಮಂಚ ಸುಮಾರು 3 ಅಡಿ ಅಗಲ, ಆರೂಕಾಲು ಅಡಿ ಉದ್ದ. 7 ಅಡಿ ಗೋಡೆಗೆ ಸರಿಯಾಗಿ ಕೂರುತ್ತದೆ. ಎದುರು ಗೋಡೆಗೆ 2 ಅಡಿ ಅಗಲದ ಮೇಜು. 8 ಅಡಿಯಲ್ಲಿ 5 ಹೋಯಿತು, ನಡುವೆ ಉಳಿದದ್ದು 3 ಅಡಿ. ಕುರ್ಚಿ ಹಿಂದಕ್ಕೆ ಸರಿಸಿ ಏಳೋಕೆ ಎರಡೂವರೆಯಿಂದ 3 ಅಡಿ ಬೇಕು. ಒಳಕ್ಕೆ ತೆರೆಯುವ ಬಾಗಿಲು ಬೇರೆ ಎರಡೂವರೆ ಅಡಿ ತಿನ್ನುತ್ತದೆ. ಅಂದರೆ ಒಬ್ಬರು ಕೂತಿದ್ದರೆ ಇನ್ನೊಬ್ಬರು ಒಳಗೆ ಬರೋಕೇ ಆಗಲ್ಲ. ನಂಬಿಕೆ ಬರದಿದ್ದರೆ ಹಳೇ ಪೇಪರ್‌ಗಳನ್ನು ಮಂಚದ ಅಳತೆಗೆ, ಮೇಜಿನ ಅಳತೆಗೆ ನೆಲದ ಮೇಲೆ ಹಾಸಿ, ಕುರ್ಚಿ ಇಟ್ಟು ಕೂತು, ಬಾಗಿಲು ತೆಗೆದು ಹಾಕಿ ನೋಡಿ. ಅತ್ತೆಯವರನ್ನೂ ಕರೆಯಿರಿ. ಮಾತಿಗೆ ಒಪ್ಪದವರು ಪೇಪರ್ ನೋಡಿ ಒಪ್ಪುತ್ತಾರೆ.

ಹಾಗಾಗಿ ಮಂಚ ಬೇಡ. ಮಡಚುವ ಹಾಸಿಗೆ ತಂದು ಬಾಗಿಲ ಮೇಲಿನ ಅಟ್ಟದಲ್ಲಿಡಿ. ಕುರ್ಚಿ ಹೊರಗಿಟ್ಟರೆ ಒಂದು ಹಾಸಿಗೆ ಆರಾಮಾಗಿ ಹಿಡಿಯುತ್ತದೆ, ಎರಡು ಹಾಸಿದರೆ ಬಾಗಿಲಿಗೆ ಅಡ್ಡ. ಬರೋರು ವಯಸ್ಸಾದವರು, ನೆಲದಿಂದ ಏಳೋಕೆ ಕಷ್ಟ ಅಂದರೆ ಅವರಿಗೆ ನಿಮ್ಮ ಮಂಚ ಬಿಟ್ಟುಕೊಟ್ಟು ನಿಮ್ಮಲ್ಲೊಬ್ಬರು ಇಲ್ಲಿ, ಇನ್ನೊಬ್ಬರು ಹಾಲಿನಲ್ಲಿ ಹೊಂದಿಕೊಳ್ಳಿ, ಎರಡು ರಾತ್ರಿ ತಾನೇ.

ಮೇಜನ್ನು ಕಿಟಕಿಗೆ ಅಡ್ಡವಾಗಿ, ಅಂದರೆ ಬೆಳಕು ಪಕ್ಕದಿಂದ ಬರುವ ಹಾಗೆ ಇಡಿ. ಕಿಟಕಿ ಬೆನ್ನ ಹಿಂದಿದ್ದರೆ ಲ್ಯಾಪ್‌ಟಾಪ್ ಪರದೆ ಮೇಲೆ ಬೆಳಕು ಹೊಳೆಯುತ್ತದೆ, ವೀಡಿಯೋ ಕಾಲ್‌ನಲ್ಲಿ ಮುಖ ಕಪ್ಪಗೆ ಕಾಣುತ್ತದೆ. ಎದುರಿಗಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಮಗಳು ಬಲಗೈಯಲ್ಲಿ ಬರೆಯುವವಳಾದರೆ ಎಡಗಡೆಯಿಂದ ಬೆಳಕು ಬರಲಿ, ಕೈಯ ನೆರಳು ಅಕ್ಷರದ ಮೇಲೆ ಬೀಳಲ್ಲ. ಬರೀ ಗೋಡೆಯ ಕೋಣೆಯಲ್ಲಿ ಮಾತಾಡಿದರೆ ದನಿ ಗುಂಯ್ ಅನ್ನುತ್ತದೆ, ದಪ್ಪ ಪರದೆ, ನೆಲಕ್ಕೊಂದು ಜಮಖಾನ ಹಾಕಿದರೆ ತುಂಬಾ ಕಮ್ಮಿಯಾಗುತ್ತದೆ. ಹೊರಗಿನ ಸದ್ದು ಜಾಸ್ತಿ ನುಗ್ಗೋದು ಬಾಗಿಲ ಕೆಳಗಿನ ಸಂದಿಯಿಂದ, ಅದಕ್ಕೊಂದು ರಬ್ಬರ್ ಪಟ್ಟಿ ಹೊಡೆಸಿ.

ಅಲ್ಲಿರುವ ಸಾಮಾನು? ಪೂರ್ತಿ ಹೊರಗೆ ತೆಗೆಯಿರಿ. ಪೂರ್ತಿ ಅಂದರೆ ಪೂರ್ತಿ. ಒಂದು ಮೂಲೆಯಲ್ಲಿ ‘ಇದೊಂದು ಇರಲಿ’ ಅಂತ ಬಿಟ್ಟರೆ ಅದು ತಿಂಗಳಲ್ಲಿ ಮರಿ ಹಾಕುತ್ತದೆ. ಎರಡು ವಾರ ಹಾಲಿನಲ್ಲೇ ಕಣ್ಣಿಗೆ ಚುಚ್ಚುತ್ತಾ ಇರಲಿ. ಯಾರಾದರೂ ಹುಡುಕಿಕೊಂಡು ಬಂದ ವಸ್ತುವಿಗೆ ಮಾತ್ರ ಜಾಗ ಮಾಡಿ. ಉಳಿದದ್ದನ್ನು ಬೇಕಾದವರಿಗೆ ಕೊಡಿ, ಗುಜರಿಗೆ ಹಾಕಿ. ಕಾಲು ಮುರಿದ ಕುರ್ಚಿಯನ್ನು ಯಾರೂ ಕೇಳಲ್ಲ, ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮನೆಯ ಒಳಭಾಗದಲ್ಲಿ ಒಂದು ಸಣ್ಣ ಕೋಣೆ ಇದೆ, ಕಿಟಕಿ ಇಲ್ಲ. ಮಗನಿಗೆ ಮಲಗುವ ಕೋಣೆ ಮಾಡಿಕೊಡಬಹುದಾ?

ಉತ್ತರ: ಬೇಡ. ರಾತ್ರಿಯೆಲ್ಲಾ ಬಾಗಿಲು ಮುಚ್ಚಿ ಮಲಗಿದರೆ ಗಾಳಿ ಆಡಲ್ಲ, ಬೆಂಕಿ ಹೊಗೆ ಏನಾದರೂ ಆದರೆ ಹೊರಗೆ ಬರೋಕೆ ಇನ್ನೊಂದು ದಾರಿಯೂ ಇರಲ್ಲ. ಬಟ್ಟೆ, ಪೆಟ್ಟಿಗೆ, ಬಕೆಟ್ಟು ಇಡೋಕೆ ಅಂಥ ಕೋಣೆ ಚೆನ್ನಾಗಿರುತ್ತದೆ. ಒಗೆದ ಬಟ್ಟೆ ಮಾತ್ರ ಅಲ್ಲಿ ಒಣಗಿಸಬೇಡಿ. ಮಷಿನ್‌ನಿಂದ ತೆಗೆದ ಒಂದು ಸಲದ ಒದ್ದೆ ಬಟ್ಟೆಯಿಂದ ಒಂದೆರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಹೋಗೋಕೆ ದಾರಿ ಇಲ್ಲದಿದ್ದರೆ ಅದು ಗೋಡೆ ಮೇಲೆ ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ಖಾಲಿ ಕೋಣೆಯಲ್ಲಿ ಟ್ರೆಡ್‌ಮಿಲ್ ಹಾಕಿಸಬೇಕು ಅಂತಿದ್ದೇನೆ. ಕೋಣೆ 9 ಅಡಿಗೆ 8 ಅಡಿ. ಸಾಕಾ?

ಉತ್ತರ: ಮಷಿನ್ ಹಿಡಿಯುತ್ತದೆ, ನಿಮ್ಮ ಸುರಕ್ಷತೆ ಹಿಡಿಯಲ್ಲ. ಓಡುವ ಟ್ರೆಡ್‌ಮಿಲ್ ಸುಮಾರು 6 ಅಡಿ ಉದ್ದ ಇರುತ್ತದೆ, ಅದರ ಹಿಂದೆ ಇನ್ನೂ 6 ಅಡಿಯಷ್ಟು ಜಾಗ ಖಾಲಿ ಬಿಡಬೇಕು. ಯಾಕೆಂದರೆ ಕಾಲು ತಪ್ಪಿದರೆ ಬೆಲ್ಟು ನಿಮ್ಮನ್ನು ಹಿಂದಕ್ಕೇ ಎಸೆಯುತ್ತದೆ. ಅಲ್ಲಿ ಗೋಡೆ ಇದ್ದರೆ ಗೋಡೆಗೂ ಬೆಲ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತೀರಿ. ಯೋಗದ ಮ್ಯಾಟಿಗೆ 6 ಅಡಿಗೆ 2 ಅಡಿ ಸಾಕು, ಕೈಕಾಲು ಚಾಚೋಕೆ ಸುತ್ತ ಸ್ವಲ್ಪ ಜಾಸ್ತಿ. ಅದರಿಂದ ಶುರು ಮಾಡಿ. ನಾಲ್ಕು ತಿಂಗಳು ಬಿಡದೆ ಮಾಡಿದರೆ ಆಮೇಲೆ ಮಷಿನ್ ಬಗ್ಗೆ ಮಾತಾಡೋಣ. ಟವೆಲ್ ಒಣಹಾಕುವ ಸ್ಟ್ಯಾಂಡ್ ಆಗಿರುವ ಟ್ರೆಡ್‌ಮಿಲ್‌ಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಸುಮಾರು 600 ಪುಸ್ತಕ ಇವೆ, ಎಲ್ಲಾ ಪೆಟ್ಟಿಗೆಯಲ್ಲಿ. ಇರುವ ಒಂದು ಸಣ್ಣ ಕೋಣೆಯನ್ನು ಲೈಬ್ರರಿ ಮಾಡುವ ಕನಸು. ಮನೆಯವರು ‘ಜಾಗ ದಂಡ’ ಅನ್ನುತ್ತಾರೆ.

ಉತ್ತರ: ಮನೆಯವರಿಗೆ ಈ ಲೆಕ್ಕ ತೋರಿಸಿ. ಒಂದು ಪುಸ್ತಕ ಸರಾಸರಿ 1 ಇಂಚು ದಪ್ಪ ಅಂತ ಇಟ್ಟುಕೊಂಡರೆ 600 ಪುಸ್ತಕಕ್ಕೆ 50 ಅಡಿ ಸಾಲು ಬೇಕು. 3 ಅಡಿ ಅಗಲದ ಆರು ಖಾನೆಯ ಕಪಾಟು ಮೂರು ಸಾಕು. ಅಂದರೆ 9 ಅಡಿ ಗೋಡೆ, 1 ಅಡಿ ಆಳ. ಕೋಣೆಯ ಮಿಕ್ಕ ಜಾಗ ಹಾಗೇ ಇರುತ್ತದೆ, ಅಲ್ಲಿ ಕೂತು ಯಾರು ಬೇಕಾದರೂ ಕೆಲಸ ಮಾಡಬಹುದು. ಪುಸ್ತಕ ತುಂಬಿದ ಗೋಡೆ ಸದ್ದನ್ನೂ ಹೀರಿಕೊಳ್ಳುತ್ತದೆ.

ಬಡಗಿಗೆ ಎರಡು ಮಾತು ಖಡಾಖಂಡಿತವಾಗಿ ಹೇಳಿ. ಮೊದಲನೆಯದು, ಖಾನೆಯ ಹಲಗೆ 3 ಅಡಿಗಿಂತ ಉದ್ದ ಬೇಡ. ಒಂದು ಅಡಿ ಸಾಲಿನ ಪುಸ್ತಕವೇ 8ರಿಂದ 10 ಕೆ.ಜಿ. ತೂಗುತ್ತದೆ, ಉದ್ದ ಜಾಸ್ತಿಯಾದರೆ 18 ಮಿ.ಮೀ. ಪ್ಲೈವುಡ್ಡೂ ವರ್ಷ ಕಳೆಯುವುದರೊಳಗೆ ನಡುವೆ ಬಾಗುತ್ತದೆ. ಎರಡನೆಯದು, ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಲೇಬೇಕು, ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ರಾಜಿ ಇಲ್ಲ. ಹೊರಗೋಡೆಗೆ ಥಂಡಿ ಇದ್ದರೆ ಆ ಕಡೆ ಕಪಾಟೇ ಬೇಡ. ಬೇರೆ ದಾರಿ ಇಲ್ಲ ಅಂದರೆ ಹಿಂದೆ ಎರಡು ಇಂಚು ಗಾಳಿಗೆ ಬಿಡಿ. ಭಾರದ ಪುಸ್ತಕ ಕೆಳಗೆ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ, ಬೆನ್ನಿನ ಬಣ್ಣ ಹೋಗುತ್ತದೆ.

ಪ್ರಶ್ನೆ: ಅಪ್ಪ ನಮ್ಮ ಜೊತೆ ಇರೋಕೆ ಬರುತ್ತಿದ್ದಾರೆ. ವಾಕರ್ ಹಿಡಿದು ನಡೆಯುತ್ತಾರೆ. ಸಣ್ಣ ಕೋಣೆ ಬಚ್ಚಲಿಗೆ ಹತ್ತಿರ ಇದೆ, ದೊಡ್ಡದು ದೂರ. ಯಾವುದು ಕೊಡಲಿ?

ಉತ್ತರ: ಅವರನ್ನೇ ಕೇಳಿ. ನನ್ನನ್ನು ಕೇಳಿದರೆ ಸಣ್ಣದೇ ಸರಿ, ರಾತ್ರಿ ಎರಡು ಸಲ ಎದ್ದು ಹೋಗುವವರಿಗೆ ದೊಡ್ಡ ಕೋಣೆಗಿಂತ ಹತ್ತಿರದ ಬಚ್ಚಲು ಮುಖ್ಯ. ಮಂಚವನ್ನು ಒಂದು ಗೋಡೆಗೆ ತಾಗಿಸಿ, ಇಳಿಯುವ ಕಡೆ 3 ಅಡಿ ಖಾಲಿ ಬಿಡಿ, ವಾಕರ್ ತಿರುಗಿಸೋಕೆ ಬೇಕು. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಷ್ಟೇ ಎತ್ತರದ ಮಂಚ ಇರಲಿ. ನೆಲದ ಮೇಲಿನ ಚಾಪೆ, ವೈರು ತೆಗೆಯಿರಿ. ಬಚ್ಚಲಿನವರೆಗೂ ಮಂದ ದೀಪ ಉರಿಯುತ್ತಿರಲಿ. ಕೋಣೆಯ ಬಾಗಿಲು, ಅದಕ್ಕಿಂತ ಹೆಚ್ಚಾಗಿ ಬಚ್ಚಲ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರೇ ಅಡ್ಡವಾಗಿರುತ್ತಾರೆ, ನಾವು ಹೊರಗಿನಿಂದ ತಳ್ಳೋಕೂ ಆಗಲ್ಲ. ಬಡಗಿ ಬರೋದು ತಡವಾದರೆ ಅಲ್ಲಿವರೆಗೆ ಒಳಗಿನ ಚಿಲಕವನ್ನಾದರೂ ಬಿಚ್ಚಿಡಿ.