ಒಳ್ಳೆಯ ಶಾಲೆಯ ನಡುವಿನ ಸಾಲಿನ ಮಕ್ಕಳು

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಐದು ತಿಂಗಳಾಗಿದೆ, ಮಗಳು ಬರುವ ವರ್ಷ ಒಂಬತ್ತನೆಯ ತರಗತಿಗೆ ಸೇರಬೇಕು, ಹೆಸರುವಾಸಿಯಾದ ಖಾಸಗಿ ಹೈಸ್ಕೂಲಿಗೇ ಸೇರಿಸಿ ಎಂದು ಆಫೀಸಿನವರೆಲ್ಲ ಹೇಳುತ್ತಿದ್ದಾರೆ ಎಂದಿದ್ದೀರಿ. ಮಗಳು ಚುರುಕಾಗಿದ್ದಾಳೆ, ಆದರೆ ಟಾಪರ್ ಅಲ್ಲ. ಅಂಥ ಶಾಲೆಯಲ್ಲಿ ಅವಳು ಬಿ ಗ್ರೇಡುಗಳ ನಡುವೆಯೇ ಉಳಿದುಬಿಟ್ಟರೆ ಮುಂದೆ ಯಾವ ಕಾಲೇಜು ಸಿಕ್ಕೀತು, ಶಾಲೆಯ ಹೆಸರು ಆಗ ಅವಳ ಕೈ ಹಿಡಿದೀತೇ ಎಂಬುದು ನಿಮ್ಮ ಪ್ರಶ್ನೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಸಿಲಿಕಾನ್ ಕಣಿವೆಯಲ್ಲಿರುವ, ಇಂಥದೇ ಒಂದು ಶಾಲೆಯಲ್ಲಿ ಇಂಥದೇ ಒಬ್ಬ ಮಗನನ್ನು ಓದಿಸಿದ ತಾಯಿಯಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕಾಲೇಜು ಸಿಗುತ್ತದೆ, ಒಳ್ಳೆಯದೇ ಸಿಗುತ್ತದೆ; ಆದರೆ ಶಾಲೆಯ ಕೈಪಿಡಿಯ ಕೊನೆಯ ಪುಟದಲ್ಲಿ, ಅಲ್ಲಿನ ಮಕ್ಕಳು ಸೇರಿದ ಕಾಲೇಜುಗಳೆಂದು ಅಚ್ಚಾಗಿರುವವುಗಳ ಪೈಕಿ ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಸಿಗುವ ಸಂಭವ ಬಹಳ ಕಡಿಮೆ, ಮತ್ತು ಅಲ್ಲಿಗೆ ಏರಿಸುವ ಏಣಿ ಎಂದು ಭಾವಿಸಿ ಆ ಫೀಸು ಕಟ್ಟುವುದಾದರೆ ಕಟ್ಟಬೇಡಿ.

ಆ ಕೊನೆಯ ಪುಟವನ್ನು ಹೇಗೆ ಓದಬೇಕೆಂಬುದು ನಮ್ಮ ಊರಿನವರಿಗೆ ಗೊತ್ತಿರಬೇಕಾದ ವಿದ್ಯೆ. ಸಿಇಟಿ ಫಲಿತಾಂಶ ಬಂದ ವಾರ ಪಿಯು ಕಾಲೇಜುಗಳ ಮುಂದೆ ಏಳುವ ಫ್ಲೆಕ್ಸ್‌ಗಳಲ್ಲಿ ಹತ್ತು ಹದಿನೈದು ರ‍್ಯಾಂಕಿನವರ ಭಾವಚಿತ್ರಗಳಿರುತ್ತವೆ. ಅದೇ ಕಟ್ಟಡದಲ್ಲಿ ಎರಡು ವರ್ಷ ಕುಳಿತೆದ್ದ ಉಳಿದ ನೂರಾರು ಮಕ್ಕಳು ಎಲ್ಲಿ ಹೋದರೆಂದು ಯಾವ ಫ್ಲೆಕ್ಸೂ ಹೇಳುವುದಿಲ್ಲ. ಇಲ್ಲಿನ ಕೈಪಿಡಿ ಇನ್ನೂ ನಾಜೂಕಾಗಿರುತ್ತದೆ, ಅಷ್ಟೇ. ಕಾಲೇಜಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ, ಮೂರು ಎಂದಿಟ್ಟುಕೊಳ್ಳಿ. ಆ ಮೂವರಲ್ಲಿ ಒಬ್ಬ ಈಜುಗಾರನಾಗಿ ಆಯ್ಕೆಯಾದವನೋ, ಇನ್ನೊಬ್ಬಳು ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರ ಮಗಳೋ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ಕ್ಯಾಲಿಫೋರ್ನಿಯಾ 2024ರಲ್ಲಿ ಮಾಡಿದ ಕಾನೂನು ಈ ರಾಜ್ಯದ ಖಾಸಗಿ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುತ್ತಿದ್ದ ಆದ್ಯತೆಯನ್ನು ನಿಷೇಧಿಸಿದೆಯಾದರೂ, ಪೂರ್ವ ಕರಾವಳಿಯ ಅನೇಕ ಕಾಲೇಜುಗಳಲ್ಲಿ ಅದು ಇನ್ನೂ ಉಂಟು.

ನಾವು ಸುಲಭವಾಗಿ ಒಪ್ಪಿಕೊಳ್ಳದ ವ್ಯತ್ಯಾಸವೊಂದು ಇಲ್ಲಿದೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟಿಗೆ ಪಿಯುಸಿ ಅಂಕ ಅರ್ಧ, ಪ್ರವೇಶ ಪರೀಕ್ಷೆಯ ಅಂಕ ಅರ್ಧ ಸೇರಿಸಿ ರಾಜ್ಯಕ್ಕೆಲ್ಲ ಒಂದೇ ಸಾಲು ಮಾಡುತ್ತಾರೆ. ಮಗು ಯಾವ ಕಾಲೇಜಿನಲ್ಲಿ ಓದಿತೆಂದು ಸೀಟು ಹಂಚುವ ಗಣಕ ಕೇಳುವುದಿಲ್ಲ. ಇಲ್ಲಿ ಮೊದಲು ಕೇಳುವುದೇ ಅದನ್ನು. ಅರ್ಜಿಯ ಜೊತೆಗೆ ಶಾಲೆಯು ತನ್ನದೇ ಒಂದು ಪರಿಚಯಪತ್ರವನ್ನು ಕಳಿಸುತ್ತದೆ. ಯಾವ ಯಾವ ಕಠಿಣ ಕೋರ್ಸುಗಳನ್ನು ಕಲಿಸುತ್ತೇವೆ, ಗ್ರೇಡುಗಳು ಹೇಗೆ ಹಂಚಿಹೋಗಿವೆ ಎಂಬುದೆಲ್ಲ ಅದರಲ್ಲಿರುತ್ತದೆ. ಇದರ ಮೇಲೆ, ಕಾಲೇಜು ಅರ್ಜಿಗಳಿಗೆ ಮಾರ್ಗದರ್ಶನ ಮಾಡುವ ಶಾಲೆಯ ಕೌನ್ಸೆಲರು, ಈ ಮಗು ಆಯ್ದುಕೊಂಡ ಪಾಠಗಳು ನಮ್ಮಲ್ಲಿ ಇರುವವುಗಳ ಪೈಕಿ ಅತಿ ಕಠಿಣವೋ, ಸಾಕಷ್ಟು ಕಠಿಣವೋ, ಸಾಧಾರಣವೋ ಎಂಬ ಪ್ರಶ್ನೆಗೆ ಒಂದು ಗುರುತು ಹಾಕುತ್ತಾರೆ. ಬಹುತೇಕ ಖಾಸಗಿ ಶಾಲೆಗಳು ರ‍್ಯಾಂಕ್ ಕೊಡುವುದಿಲ್ಲ ಎಂದು ನಾವು ನೆಮ್ಮದಿಯಿಂದಿರುತ್ತೇವೆ. ಆದರೆ ಒಂದೇ ಶಾಲೆಯಿಂದ ಎಪ್ಪತ್ತು ಎಂಬತ್ತು ಅರ್ಜಿಗಳು ಒಂದೇ ಮೇಜಿಗೆ ಬಂದಾಗ ಯಾರು ಮುಂದಿದ್ದಾರೆ, ಯಾರು ನಡುವೆ ಇದ್ದಾರೆ ಎಂದು ಓದುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಮಗಳ ಸ್ಪರ್ಧೆ ಮೊದಲು ಅವಳ ಪಕ್ಕದ ಬೆಂಚಿನವರೊಡನೆ, ಆಮೇಲೆ ಉಳಿದ ದೇಶದೊಡನೆ.

ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯವಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮವರ ಮಾತೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಪದವಿ ಶಿಕ್ಷಣ ನೀಡುವ ಒಂಬತ್ತು ಕ್ಯಾಂಪಸ್‌ಗಳಿವೆ. ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕಹಾಕಲು ತೆಗೆದುಕೊಳ್ಳುವುದು ಹತ್ತು ಮತ್ತು ಹನ್ನೊಂದನೆಯ ತರಗತಿಗಳ ಗ್ರೇಡುಗಳನ್ನು ಮಾತ್ರ. ಕಾಲೇಜು ಮಟ್ಟದ ಎಪಿ ಕೋರ್ಸುಗಳಿಗೆ ಮತ್ತು ಅವರು ಮಾನ್ಯ ಮಾಡಿದ, ಆನರ್ಸ್ ಎಂಬ ಕಠಿಣ ಕೋರ್ಸುಗಳಿಗೆ ಕೊಡುವ ಹೆಚ್ಚುವರಿ ಅಂಕಕ್ಕೆ ಎಂಟು ಸೆಮಿಸ್ಟರುಗಳ ಮಿತಿಯಿದೆ. ಶಾಲೆ ತಾನೇ ಆನರ್ಸ್ ಎಂದು ಕರೆದುಕೊಂಡರೆ ಸಾಲದು, ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹಾಗೆಂದು ಗುರುತಾಗಿರಬೇಕು. ಎಪಿ ಕೋರ್ಸುಗಳನ್ನು ಕೈಬಿಟ್ಟು ತಮ್ಮದೇ ಪಾಠಗಳನ್ನು ರೂಪಿಸಿಕೊಂಡಿರುವ ಖಾಸಗಿ ಶಾಲೆಗಳನ್ನು ನೋಡಲು ಹೋದಾಗ ಇದನ್ನು ಮರೆಯದೆ ವಿಚಾರಿಸಿ. ಈ ರಾಜ್ಯದ ನಿವಾಸಿಗಳಿಗೆ ಅರ್ಹತೆಯ ಕನಿಷ್ಠ ಜಿಪಿಎ 3.0 ಎಂದು ಬರೆದಿದ್ದಾರೆ, ಆದರೆ ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಕ್ಯಾಂಪಸ್‌ಗಳ ಬಾಗಿಲಲ್ಲಿ ಆ ಅಂಕಿಗೆ ಬೆಲೆಯಿಲ್ಲ. ಇದಲ್ಲದೆ, ಪ್ರತಿ ಶಾಲೆಯ ಮೇಲಿನ ಶೇಕಡ 9ರಷ್ಟು ಮಕ್ಕಳಿಗೆ, ಕೇಳಿದ ಯಾವ ಕ್ಯಾಂಪಸ್ಸೂ ಸಿಗದೆ ಹೋದರೆ ಜಾಗವಿರುವ ಒಂದು ಕ್ಯಾಂಪಸ್‌ನಲ್ಲಿ ಸೀಟಿನ ಭರವಸೆ ಇದೆ. ನೂರೈವತ್ತು ಮಕ್ಕಳ ತರಗತಿಯಲ್ಲಿ ಆ ಶೇಕಡ 9 ಎಂದರೆ ಹದಿಮೂರು ಮಂದಿ. ಆರನೆಯ ತರಗತಿಯಿಂದಲೇ ಗಣಿತದ ಸ್ಪರ್ಧೆಗಳಿಗೆ ತಯಾರಾದವರು ತುಂಬಿರುವ ಕಡೆ ಆ ಹದಿಮೂರರಲ್ಲಿ ಒಬ್ಬಳಾಗುವುದು ಹೇಗೆಂದು ನೀವೇ ಯೋಚಿಸಿ. ಹಾಗೆಂದು ಸರ್ಕಾರಿ ಶಾಲೆಗೆ ಹಾಕಿದರೆ ಸಲೀಸು ಎಂದೂ ತಿಳಿಯಬೇಡಿ. ನೀವು ಮನೆ ನೋಡುತ್ತಿರುವ ಕ್ಯುಪರ್ಟಿನೋ ಸುತ್ತಿನ ಮಾಂಟಾ ವಿಸ್ಟಾ, ಲಿನ್‌ಬ್ರೂಕ್ ಹೈಸ್ಕೂಲುಗಳು ಸರ್ಕಾರಿ ಶಾಲೆಗಳೇ. ಅಲ್ಲಿನ ಸ್ಪರ್ಧೆ ಯಾವ ಖಾಸಗಿ ಶಾಲೆಗೂ ಬಿಟ್ಟುಕೊಡುವಂಥದ್ದಲ್ಲ.

ನಮ್ಮವರಿಗೆ ನಂಬಲು ಕಷ್ಟವಾಗುವ ಇನ್ನೊಂದು ಸಂಗತಿ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ. ಗ್ರೇಡು ಕಡಿಮೆಯಾದರೇನಂತೆ, ಪರೀಕ್ಷೆಯಲ್ಲಿ ಎತ್ತಿ ತೋರಿಸಿದರಾಯಿತು ಎಂಬುದು ನಮ್ಮ ರಕ್ತದಲ್ಲೇ ಇರುವ ಭರವಸೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶದ ತೀರ್ಮಾನದಲ್ಲಿ ಆ ಅಂಕವನ್ನು ನೋಡುವುದೇ ಇಲ್ಲ, ಕಳಿಸಿದರೂ ನೋಡುವುದಿಲ್ಲ. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದ ಸುದ್ದಿಯನ್ನು ನೀವು ಓದಿರಬಹುದು. ಆದರೆ ಅಲ್ಲಿ ಒಳ್ಳೆಯ ಅಂಕ ಬೇಕಾಗಿರುವುದು ಎ ಗ್ರೇಡುಗಳ ಜೊತೆಗೇ ಹೊರತು ಅವುಗಳ ಬದಲಿಗೆ ಅಲ್ಲ. ಬಿ ಗ್ರೇಡಿನ ಮಗುವಿಗೆ ಎಸ್‌ಎಟಿ ನಿಜವಾಗಿ ನೆರವಾಗುವುದು ಪರ್ಡ್ಯೂ ಮುಂತಾದ, ಪರೀಕ್ಷೆಯನ್ನು ಪರಿಗಣಿಸುವ ಹೊರರಾಜ್ಯದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ, ಮತ್ತು ಅಂಕ ನೋಡಿ ಫೀಸಿನಲ್ಲಿ ರಿಯಾಯಿತಿ ಕೊಡುವ ಖಾಸಗಿ ಕಾಲೇಜುಗಳಲ್ಲಿ.

ನನ್ನ ಮಗನ ಕತೆ ಹೇಳುತ್ತೇನೆ. ವರ್ಷಕ್ಕೆ 50,000 ಡಾಲರ್ ದಾಟುವ ಶಾಲೆ, ತರಗತಿಯಲ್ಲಿ ನೂರಾ ಅರವತ್ತು ಮಕ್ಕಳು, ಇವನ ಜಿಪಿಎ 3.4. ಹನ್ನೊಂದನೆಯ ತರಗತಿಯ ಫೆಬ್ರವರಿಯಲ್ಲಿ ಕೌನ್ಸೆಲರು ನಮ್ಮಿಬ್ಬರನ್ನು ಕೂರಿಸಿಕೊಂಡು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ನೇವಿಯನ್ಸ್ ಎಂಬ ತಂತ್ರಾಂಶದಲ್ಲಿ ಒಂದೊಂದು ಕಾಲೇಜಿಗೆ ಒಂದೊಂದು ನಕ್ಷೆ. ಅಡ್ಡಕ್ಕೆ ಒಂದು ಗೆರೆ ಎಸ್‌ಎಟಿ, ಉದ್ದಕ್ಕೆ ಒಂದು ಗೆರೆ ಜಿಪಿಎ, ನಡುವೆ ಹಿಂದಿನ ವರ್ಷಗಳಲ್ಲಿ ಅದೇ ಶಾಲೆಯಿಂದ ಅರ್ಜಿ ಹಾಕಿದ ಮಕ್ಕಳೆಲ್ಲ ಚುಕ್ಕೆಗಳಾಗಿ ನಿಂತಿದ್ದರು. ಸಿಕ್ಕವರಿಗೆ ಹಸಿರು, ಸಿಗದವರಿಗೆ ಕೆಂಪು. ಬರ್ಕ್ಲಿಯ ನಕ್ಷೆಯಲ್ಲಿ ನಮ್ಮ ಮಗ ನಿಲ್ಲಬೇಕಾದ ಜಾಗದಲ್ಲಿ ಕೆಂಪು ಗುರುತುಗಳು ಕುಂಕುಮ ಚೆಲ್ಲಿದ ಹಾಗಿದ್ದವು. ಒಂದೇ ಒಂದು ಹಸಿರಿತ್ತು. ನನ್ನ ಗಂಡ ಅದನ್ನೇ ಬೆರಳಿಟ್ಟು ತೋರಿಸಿದರು. ಕೌನ್ಸೆಲರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮಗುವಿನ ವಿಷಯ ಬೇರೆ ಎಂದಷ್ಟೇ ಹೇಳಿದರು. ಆ ನಕ್ಷೆಯನ್ನು ಒಂಬತ್ತನೆಯ ತರಗತಿಗೆ ಸೇರಿಸುವಾಗಲೇ ತೋರಿಸಿದ್ದರೆ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಸೇರಿಸಿಕೊಳ್ಳುವಾಗ ತೋರಿಸುವುದು ಕೈಪಿಡಿ, ನಕ್ಷೆ ತೋರಿಸುವುದು ಎರಡೂವರೆ ವರ್ಷದ ಫೀಸು ಕಟ್ಟಿದ ಮೇಲೆ.

ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ, ಅರ್ವೈನ್ ಇಲ್ಲವೆಂದವು. ಡೇವಿಸ್ ಕಾಯುವ ಪಟ್ಟಿಯಲ್ಲಿಟ್ಟಿತು. ಸ್ಯಾಂಟಾ ಕ್ರೂಜ್ ಮತ್ತು ರಿವರ್‌ಸೈಡ್ ಬಾ ಎಂದವು. ಅವನು ಕೊನೆಗೆ ಹೋದದ್ದು ಟೂಸಾನಿನ ಯೂನಿವರ್ಸಿಟಿ ಆಫ್ ಆರಿಜೋನಾಕ್ಕೆ, ಜಲವಿಜ್ಞಾನ ಓದಲು. ಆ ವಿಷಯದಲ್ಲಿ ಆ ವಿಶ್ವವಿದ್ಯಾಲಯಕ್ಕೆ ಇರುವ ಹೆಸರು ನಮಗೆ ಗೊತ್ತೇ ಇರಲಿಲ್ಲ, ಮರುಭೂಮಿಯಲ್ಲಿ ಎಂಥ ನೀರಿನ ಪಾಠ ಎಂದು ಮಾವನವರು ಮೈಸೂರಿನಿಂದ ಫೋನಿನಲ್ಲಿ ನಕ್ಕಿದ್ದರು. ಕಂಪ್ಯೂಟರ್ ಸೈನ್ಸ್ ಕೇಳಿದ್ದರೆ ಕತೆ ಬೇರೆಯಾಗುತ್ತಿತ್ತು ಎಂಬುದನ್ನು ಗಮನಿಸಿ. ಅನೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಆ ಒಂದು ವಿಷಯಕ್ಕೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಬೀಗ; ಬೇರೆ ವಿಷಯದ ಮೂಲಕ ಒಳಗೆ ಹೋಗಿ ಆಮೇಲೆ ಬದಲಾಯಿಸಿಕೊಳ್ಳುತ್ತೇವೆ ಎಂಬ ನಮ್ಮ ಜಾಣತನವನ್ನು ಅವರು ಎಂದೋ ಕಂಡುಕೊಂಡು ಆ ದಾರಿಯನ್ನೂ ಕಿರಿದು ಮಾಡಿದ್ದಾರೆ.

ಶಾಲೆಯಿಂದ ಏನೂ ಸಿಗಲಿಲ್ಲವೆಂದರೆ ಅನ್ಯಾಯವಾದೀತು. ನಮ್ಮ ಕೌನ್ಸೆಲರ ಪಾಲಿಗೆ ಇದ್ದದ್ದು ನಲವತ್ತೈದು ಮಕ್ಕಳು. ದೇಶದ ಶಾಲಾ ಕೌನ್ಸೆಲರುಗಳ ಸಂಘವೇ ಒಬ್ಬರಿಗೆ 250 ಮಕ್ಕಳವರೆಗೆ ಇರಬಹುದು ಎನ್ನುತ್ತದೆ, ಅನೇಕ ಸರ್ಕಾರಿ ಶಾಲೆಗಳಲ್ಲಿ ಅದನ್ನೂ ಮೀರಿರುತ್ತದೆ. ನಮ್ಮ ಮಗ ತೋಟದ ಹನಿ ನೀರಾವರಿಯ ಪೈಪುಗಳನ್ನು ಬಿಚ್ಚಿ ಜೋಡಿಸುವುದನ್ನು ನೋಡಿ, ಜಲವಿಜ್ಞಾನ ಎಂಬ ವಿಷಯವೊಂದಿದೆ ಎಂದು ಹೇಳಿದವರು ಅವನ ಭೂವಿಜ್ಞಾನದ ಮೇಷ್ಟ್ರು; ಶಿಫಾರಸು ಪತ್ರ ಬರೆದವರೂ ಅವರೇ. ಹದಿನಾರು ಮಕ್ಕಳ ಪಾಠದ ಕೋಣೆಯಲ್ಲಿ ಮಾತ್ರ ಮೇಷ್ಟ್ರ ಕಣ್ಣಿಗೆ ಇಂಥದ್ದು ಬೀಳುತ್ತದೆ. ಬರೆಯುವುದನ್ನಂತೂ ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಕಾಲೇಜಿನ ಮೊದಲ ವರ್ಷ ತನಗೆ ಹೈಸ್ಕೂಲಿಗಿಂತ ಹಗುರವೆನಿಸಿತು ಎಂದ. ಅಲ್ಲಿನ ನಡುವಿನ ಸಾಲಿನ ಮಗು ಹೊರಗೆ ಹೋದರೆ ನಡುವಿನ ಸಾಲಿನಲ್ಲಿ ಇರುವುದಿಲ್ಲ, ಇದು ನಿಜ. ಇದಕ್ಕೆ ಪ್ರತಿಯಾಗಿ ನಾಲ್ಕು ವರ್ಷ ಅವನು ತನ್ನನ್ನು ದಡ್ಡನೆಂದೇ ನಂಬಿಕೊಂಡಿದ್ದ; ಅದೂ ನಿಜ. ಎರಡನ್ನೂ ತೂಗಿ ನೋಡುವ ತಕ್ಕಡಿ ನನ್ನ ಬಳಿ ಇಲ್ಲ.

ಇಂಥ ಮಕ್ಕಳು ಹೋಗುವ ಕಡೆಗಳನ್ನು ನಾನು ಕಂಡಷ್ಟರ ಮಟ್ಟಿಗೆ ಹೇಳುತ್ತೇನೆ: ಸ್ಯಾಂಟಾ ಕ್ರೂಜ್, ರಿವರ್‌ಸೈಡ್, ಮರ್ಸೆಡ್, ಸ್ಯಾನ್ ಹೋಸೆ ಸ್ಟೇಟ್, ಆರೆಗಾನ್, ಆರಿಜೋನಾ, ಕೊಲರಾಡೋ ರಾಜ್ಯಗಳ ವಿಶ್ವವಿದ್ಯಾಲಯಗಳು, ಇಂಡಿಯಾನಾದ ಬ್ಲೂಮಿಂಗ್ಟನ್, ಮಧ್ಯಪಶ್ಚಿಮದ ಸಣ್ಣ ಕಾಲೇಜುಗಳು. ಪಶ್ಚಿಮದ ರಾಜ್ಯಗಳ ನಡುವೆ ಒಂದು ಒಪ್ಪಂದವಿದ್ದು, ಅದರಲ್ಲಿ ಸೇರಿರುವ ಕಾಲೇಜುಗಳು ಆಯ್ದ ಹೊರರಾಜ್ಯದ ಮಕ್ಕಳಿಂದ ತಮ್ಮ ನಿವಾಸಿಗಳ ಫೀಸಿನ ಒಂದೂವರೆ ಪಟ್ಟನ್ನು ಮೀರಿ ತೆಗೆದುಕೊಳ್ಳುವುದಿಲ್ಲ. ನೆವಾಡಾದ ರೀನೋ ವಿಶ್ವವಿದ್ಯಾಲಯ ಅಂಥದ್ದು. ಖಾಸಗಿ ಕಾಲೇಜುಗಳಲ್ಲಿ, ಸಿಕ್ಕರೆ ಖಂಡಿತ ಬರುತ್ತೇನೆ ಎಂದು ಮಾತು ಕೊಟ್ಟು ನವೆಂಬರಿನಲ್ಲೇ ಅರ್ಜಿ ಹಾಕುವ ಅರ್ಲಿ ಡಿಸಿಷನ್ ಎಂಬ ಕ್ರಮವಿದೆ. ಬಿ ಗ್ರೇಡಿನ ಮಗುವಿಗೆ ಕೆಲವು ಕಡೆ ಅದರಿಂದ ಅನುಕೂಲವಾಗುತ್ತದೆ, ಆದರೆ ಬೇರೆ ಕಾಲೇಜುಗಳ ಫೀಸಿನೊಂದಿಗೆ ಹೋಲಿಸಿ ನೋಡುವ ಅವಕಾಶ ಕೈತಪ್ಪುತ್ತದೆ.

ಎರಡು ವರ್ಷ ಓದಿಸುವ ಸರ್ಕಾರಿ ಕಮ್ಯೂನಿಟಿ ಕಾಲೇಜು ಎಂದೊಡನೆ ನಮ್ಮವರ ಮುಖ ಸಪ್ಪಗಾಗುತ್ತದೆ. ನನಗೆ ಅದು ಅರ್ಥವಾಗದ ಒಣ ಜಂಬ. ಕ್ಯುಪರ್ಟಿನೋದ ಡಿ ಆಂಜಾ, ಅಲ್ಲೇ ಹತ್ತಿರದ ಬೆಟ್ಟದ ಮೇಲಿನ ಫುಟ್‌ಹಿಲ್ ಕಾಲೇಜುಗಳಿಂದ ಎರಡು ವರ್ಷ ಓದಿ ಟ್ರಾನ್ಸ್‌ಫರ್ ಆಗುವವರ ಅರ್ಜಿಯಲ್ಲಿ ಹೈಸ್ಕೂಲಿನ ಗ್ರೇಡುಗಳನ್ನು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಲೆಕ್ಕಕ್ಕೆ ಇಡುವುದಿಲ್ಲ. ಹಲಗೆ ಒರಸಿ ಹೊಸದಾಗಿ ಬರೆದಂತೆ. ನಿಗದಿಯಾದ ಕೋರ್ಸುಗಳನ್ನೂ ಗ್ರೇಡುಗಳನ್ನೂ ಪೂರೈಸಿದರೆ ಡೇವಿಸ್, ಅರ್ವೈನ್, ಸ್ಯಾಂಟಾ ಬಾರ್ಬರಾ ಸೇರಿದಂತೆ ಆರು ಕ್ಯಾಂಪಸ್‌ಗಳು ಸೀಟಿನ ಲಿಖಿತ ಭರವಸೆಯನ್ನೇ ಕೊಡುತ್ತವೆ, ಕೆಲವು ವಿಷಯಗಳನ್ನು ಬಿಟ್ಟು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಆ ಭರವಸೆ ಕೊಡುವುದಿಲ್ಲವಾದರೂ ಟ್ರಾನ್ಸ್‌ಫರ್ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ನನ್ನ ಮಗನ ಜೊತೆಗೇ ಓದಿದ, ಗ್ರೇಡಿನಲ್ಲಿ ಅವನಿಗಿಂತ ಹಿಂದಿದ್ದ ಹುಡುಗಿಯೊಬ್ಬಳು ಇದೇ ದಾರಿಯಲ್ಲಿ ಹೋಗಿ ಬರ್ಕ್ಲಿಯ ಪದವಿಯನ್ನೇ ಪಡೆದಳು.

ನೀವು ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಬಂದಿದ್ದೀರಿ, ಮಗಳು ಅದರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದವಳು. ಕ್ಯಾಲಿಫೋರ್ನಿಯಾದಲ್ಲಿ ಎಚ್-4 ಮಕ್ಕಳೂ ಕಾಲೇಜು ಫೀಸಿನ ಮಟ್ಟಿಗೆ ನಿವಾಸಿಗಳೆನಿಸಿಕೊಳ್ಳಲು ಅವಕಾಶವಿದೆ, ಹಾಗಾಗದಿದ್ದರೆ ಹೊರಗಿನವರಿಗೆ ಹಾಕುವ 30,000 ಡಾಲರಿಗೂ ಮೀರಿದ ಹೆಚ್ಚುವರಿ ಫೀಸು ತಲೆಯ ಮೇಲೆ ಬೀಳುತ್ತದೆ. ಕೇಂದ್ರ ಸರ್ಕಾರದ ಆರ್ಥಿಕ ನೆರವು ಈ ವೀಸಾದವರಿಗಿಲ್ಲ, ಮತ್ತು ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತದೆ. ಹೈಸ್ಕೂಲಿನ ಫೀಸಿಗೆ ಎತ್ತಿಡುವ ಹಣವನ್ನು ಈ ಲೆಕ್ಕ ಮುಗಿಸಿದ ಮೇಲೆ ಎತ್ತಿಡಿ.

ಇನ್ನೊಂದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಕಾಲೇಜುಗಳ ಫಲಿತಾಂಶ ಬರುವುದು ಮಾರ್ಚಿನಲ್ಲಿ, ಕನ್ನಡ ಕೂಟದ ಯುಗಾದಿ ಸಮಾರಂಭವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹೋಳಿಗೆಯ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಬೇವು-ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲು, ನಿಮ್ಮ ಮಗನಿಗೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ನಾವು ಆ ವರ್ಷ ಹೋಗಲಿಲ್ಲ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ, ಏಕೆಂದರೆ ಹೋಗೋಣವೆಂದು ಹೇಳಿದವನು ಮಗನೇ.

ಖಾಸಗಿ ಶಾಲೆಗಳ ಅರ್ಜಿ ಬಹುತೇಕ ಜನವರಿಯ ಮೊದಲ ಭಾಗದಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚೆ ಶಾಲೆ ನೋಡಲು ಕರೆಯುತ್ತಾರೆ. ಅಲ್ಲಿ ಅತ್ಯುತ್ತಮ ವಿದ್ಯಾರ್ಥಿಗಳು ಎಲ್ಲಿ ಹೋದರೆಂದು ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಕಳೆದ ವರ್ಷ ತರಗತಿಯ ನಡುವಿನ ಮೂರನೆಯ ಒಂದು ಭಾಗದ ಮಕ್ಕಳು ಯಾವ ಯಾವ ಕಾಲೇಜಿಗೆ ಹೋದರು ಎಂದು ಕೇಳಿ, ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಅವರು ಹೇಳಿದ್ದನ್ನು ನನಗೂ ತಪ್ಪದೆ ತಿಳಿಸಿ. ನನ್ನ ಕಿರಿಯ ಮಗಳು ಈಗ ಏಳನೆಯ ತರಗತಿ.